ಹೊಸ ಮರಿಗೆ ಹೆಸರು ಬೇಕು: ಆರನೇ ಕರಿಯ ಮಾಡೋದಾ, ಬೇಡವಾ?

ತೋಟದ ಮನೆ

ನಮ್ಮದು ಕೊಪ್ಪದ ಹತ್ತಿರ ಒಂಟಿ ಮನೆ. ಮನೆ ದಿಬ್ಬದ ಮೇಲೆ, ಅಡಿಕೆ ತೋಟ ಕೆಳಗೆ ಹಳ್ಳದವರೆಗೆ. ಇಂಥ ಜಾಗದಲ್ಲಿ ನಾಯಿ ಇಲ್ಲದೆ ಆಗಲ್ಲ. ಒಂದೇ ಇದ್ದರೂ ಆಗಲ್ಲ. ಒಂದನ್ನ ಕುರ್ಕ (ಚಿರತೆ) ಹೊತ್ತುಕೊಂಡು ಹೋದರೆ ಬೊಗಳೋಕೆ ಇನ್ನೊಂದಾದರೂ ಇರಲಿ ಅನ್ನೋದು ಅಜ್ಜನ ಕಾಲದ ಲೆಕ್ಕ. ಸದ್ಯಕ್ಕೆ ಮೂರಿವೆ.

ಲಾರಿ, ಎಂಟು ವರ್ಷದ ಗಂಡು. ಜಲ್ಲಿ ತಂದ ಲಾರಿಯ ಹಿಂದಿನ ಚಕ್ರದ ಪಕ್ಕ ಮಲಗಿದ್ದ ಮರಿ. ಡ್ರೈವರ್ "ನಂದಲ್ಲ ಸಾರ್" ಅಂದ, ನಮ್ಮದೂ ಅಲ್ಲ. ಲಾರಿ ಹೋಯ್ತು, ಲಾರಿ ಉಳೀತು.

ಮಿಂಚು, ಹೆಣ್ಣು, ಆಪರೇಷನ್ ಆಗಿದೆ. ಹೆಸರಿಟ್ಟಾಗ ಮಿಂಚಿನ ಹಾಗೆ ಓಡ್ತಿದ್ಲು. ಈಗ ಬಚ್ಚಲ ಒಲೆಯ ಮುಂದಿನಿಂದ ಏಳಿಸಬೇಕಾದರೆ ಎರಡು ಸಲ ಕರೀಬೇಕು.

ಮೂರನೆಯವನು ಭಟ್ರು. ಕಂದು ಮೈ, ಎಡ ಹೆಗಲಿನಿಂದ ಹೊಟ್ಟೆಯ ಕಡೆಗೆ ಜನಿವಾರದ ಹಾಗೆ ಬಿಳಿ ಗೆರೆ, ಮೊಸರನ್ನ ಅಂದರೆ ಪ್ರಾಣ. ಹೆಸರು ಹಾಗಿರೋದರಿಂದ ಮನೆಯಲ್ಲಿ ಎಲ್ಲರೂ ಅವನಿಗೆ ಬಹುವಚನವೇ. ಹೋದ ವರ್ಷ ಗಣಹೋಮದ ದಿನ ಪುರೋಹಿತರು ಜಗಲಿಯಲ್ಲಿ ಊಟಕ್ಕೆ ಕೂತಿದ್ದಾರೆ, ಇವನು ಹೋಗಿ ಬಾಳೆಲೆ ಮೂಸ್ತಿದ್ದಾನೆ. ಅಮ್ಮ ಅಡುಗೆಮನೆಯ ಒಳಗಿಂದಲೇ ಕೂಗಿದರು: "ಭಟ್ರೇ, ಸಾಕು ಏಳಿ, ಎಷ್ಟು ತಿಂದ್ರೂ ನಿಮ್ಮ ಹೊಟ್ಟೆ ತುಂಬಲ್ಲ!" ಪುರೋಹಿತರ ಕೈ ಪಾಯಸದ ಮೇಲೇ ನಿಂತುಹೋಯ್ತು. ಆಮೇಲೆ ವಿವರಿಸಿದೆವು. ವಿವರಿಸಿದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು.

ಈಗ ವಿಷಯಕ್ಕೆ ಬರ್ತೀನಿ. ಹೋದ ಶ್ರಾವಣದಲ್ಲಿ ನಮ್ಮ ಕರಿಯ ಹೋದ. ಹದಿಮೂರು ವರ್ಷ ಇದ್ದ, ಕಡೆಯ ವರ್ಷ ಕಣ್ಣು ಕಾಣ್ತಿರಲಿಲ್ಲ. ಅಪ್ಪಯ್ಯನಿಗೆ 74. ಅವರಿಗೆ ಬುದ್ಧಿ ಬಂದಾಗಿನಿಂದ ಈ ಮನೆಯಲ್ಲಿ ಒಬ್ಬ ಕರಿಯ ಇದ್ದೇ ಇದ್ದಾನೆ. ಒಬ್ಬ ಸತ್ತರೆ ಇನ್ನೊಬ್ಬ. ಹೋದವನು ಐದನೆಯವನು. ಸಂಜೆ ದೀಪ ಹಚ್ಚೋ ಹೊತ್ತಿಗೆ ಅಪ್ಪಯ್ಯ ಅಂಗಳದ ತುದಿಗೆ ನಿಂತು "ಕರಿಯಾ..." ಅಂತ ತೋಟದ ಕಡೆಗೆ ಒಂದು ಸಲ ಕೂಗೋರು. ನಾಲ್ಕು ತಿಂಗಳಿಂದ ಆ ಕೂಗಿಲ್ಲ.

ಮೊನ್ನೆ ಎರಡು ತಿಂಗಳ ಗಂಡು ಮರಿ ಬಂತು. ಅಪ್ಪಯ್ಯ ಕರಿಯ ಅಂತಲೇ ಇಡೋಣ ಅಂತಿದ್ದಾರೆ. ಮರಿ ಕೆಂಪು! ಒಂದು ಕರಿ ಕೂದಲಿಲ್ಲ. ಹತ್ತು ವರ್ಷದ ಮಗಳು, ಸತ್ತವನ ಹೆಸರು ಇವನಿಗೆ ಬೇಡವೇ ಬೇಡ ಅಂತ ಹಟ ಹಿಡಿದು ಕೂತಿದ್ದಾಳೆ. ಅವಳಿಗೆ ಯಾವುದೋ ಕೊರಿಯಾ ಹಾಡುಗಾರರ ಹುಚ್ಚು, ಜಿಮಿನ್ ಅಂತ ಇಡಬೇಕಂತೆ. ಅಪ್ಪಯ್ಯ ಕಿವಿಗೆ ಕೈ ಕೊಟ್ಟು ಕೇಳಿ, "ಜಿಮ್ಮಿನಾ? ಅದು ಹಳೇ ಹೆಸರು ಕಣೇ, ಪೇಟೆಯಲ್ಲಿ ಮನೆಗೊಂದು ಇತ್ತು" ಅಂದರು. ಅಮ್ಮ ಯಾರ ಪಕ್ಷವೂ ಅಲ್ಲ, ಅವರಿಗೆ ಎಲ್ಲವೂ "ಕುನ್ನಿ".

ಒಂದೇ ಹೆಸರನ್ನ ನಾಯಿಯಿಂದ ನಾಯಿಗೆ ದಾಟಿಸೋ ಪದ್ಧತಿ ನಿಮ್ಮ ಮನೆಗಳಲ್ಲೂ ಉಂಟಾ? ಮೂರು ನಾಲ್ಕು ಸಾಕಿದವರು ಹೆಸರನ್ನ ಹೇಗೆ ಆರಿಸ್ತೀರಿ?

ಮದ್ದೂರ್ ವಡೆ

ಅಣ್ಣ, ನಿಮ್ಮ ಅಪ್ಪಾವ್ರು ಸರಿಯಾಗೇ ಹೇಳವ್ರೆ. ಬಣ್ಣದ ಹೆಸರು ಅಂದ್ರೆ ನಗಬ್ಯಾಡಿ, ಅದು ಸಾವಿರ ವರ್ಷದ್ದು. ನಮ್ಮ ತಾಲೂಕಲ್ಲಿ ಆತಕೂರು ಅಂತ ಊರೈತೆ. ಅಲ್ಲಿ ಸಿಕ್ಕಿದ ಶಾಸನ ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ರಾಜಾದಿತ್ಯನ್ನ ಸೋಲಿಸಿದ ಕಾಲ. ಆ ಕಡೆ ಸೇರ್ಕೊಂಡು ಹೊಡೆದಾಡಿದ ಗಂಗರ ಬೂತುಗನಿಗೆ ಮಣಲೇರ ಅಂತ ಒಬ್ಬ ವೀರ ಇದ್ದ. ಮೆಚ್ಚಿದೀನಿ, ಏನ್ ಬೇಕೋ ಕೇಳ್ಕೊ ಅಂದ್ರೆ ಆ ಪುಣ್ಯಾತ್ಮ ಕೇಳಿದ್ದು ಊರಲ್ಲ, ಹೊನ್ನಲ್ಲ, ಒಂದು ಬೇಟೆನಾಯಿ! ಅದರ ಹೆಸರು ಕಾಳಿ.

ಆಮೇಲೆ ಆ ಕಾಳೀನ ಒಂದು ದೊಡ್ಡ ಹಂದಿ ಮೇಲೆ ಬಿಟ್ರು. ಎರಡೂ ಹೊಡೆದಾಡಿ ಎರಡೂ ಸತ್ತೋದೋ. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬುಟ್ಟವ್ರೆ. ನಾಯಿ, ಹಂದಿ ಕಚ್ಚಾಡೋ ಚಿತ್ರಾನೂ ಕೆತ್ತೈತೆ. ಆ ಕಲ್ಲಿಗೆ ಪೂಜೆ ಮಾಡ್ದೆ ಗೊರವ, ಅಂದ್ರೆ ಅಲ್ಲಿನ ಪೂಜಾರಿ, ಉಂಡ್ರೆ ನಾಯಿ ಮಾಡಿದ ಪಾಪ ಅವನಿಗೆ ಸುತ್ಕೊಳ್ಳುತ್ತೆ ಅಂತಾನೂ ಬರೆಸವ್ರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲೈತೆ. ಮಗಳನ್ನ ಕರ್ಕೊಂಡೋಗಿ ತೋರಿಸಿ. ಜಿಮಿನ್‌ಗೆ ಯಾರ್ ಹಾಕ್ಸವ್ರೆ ಕಲ್ಲು?

ಕುಡ್ಲದ ಅಕ್ಕ

ಜಿಮಿನ್ ಅಂದ್ರೆ ಹುಡುಗಿಯರು ಜಗಳಕ್ಕೆ ಬರ್ತಾರೆ ಮಾರಾಯ್ರೆ, ಜಾಗ್ರತೆ.

ನಮ್ಮ ಕಡೆ ಬಿಳಿ ಇದ್ರೆ ಬೊಳ್ಳು, ಕಪ್ಪಿದ್ರೆ ಕಾಳು, ಮುಗೀತು. ಓಣಿಗೆ ಮೂರು ಬೊಳ್ಳು ಉಂಟು, ಯಾರದ್ದು ಯಾವುದು ಅಂತ ಅವಕ್ಕೇ ಗೊತ್ತು. ನಾನು ಸ್ವಲ್ಪ ಬೇರೆ ಮಾಡುವ ಅಂತ ಹೋಗಿ ಕೆಟ್ಟೆ. ಒಂದೇ ಸೂಲಿನ ಮೂರು ಮರಿಗೆ ರಾಜು, ರಾಣಿ, ರಾಮು ಅಂತ ಇಟ್ಟದ್ದು. ಕೇಳ್ಲಿಕ್ಕೆ ಚಂದ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಹೊಡೀವಾಗ ಅಂಗಳದಿಂದ "ರಾ..." ಅಂತ ಕೂಗಿದ್ರೆ ಮೂರೂ ಕೆಸರು ಕಾಲಲ್ಲಿ ಒಳಗೆ. ಯಾವ ಬಾಯಿಂದ ಹೋಗಿ ಅಂತ ಹೇಳೂದು? ಕರೆದದ್ದು ನಾನೇ. ಅದರ ಮೇಲೆ ಪಕ್ಕದ ಮನೆಯ ಹುಡುಗನ ಹೆಸರೂ ರಾಜು. "ರಾಜು, ಗಟಾರದಲ್ಲಿ ಮಲಗಬೇಡ" ಅಂತ ನಾನು ಬೈದದ್ದು ಅವನ ಅಮ್ಮನಿಗೆ ಕೇಳಿ ಎರಡು ವಾರ ಮಾತಿಲ್ಲ.

ಮೊದಲ ಅಕ್ಷರ ಬೇರೆ ಬೇರೆ ಇಡಿ. ಇಷ್ಟೇ ನನ್ನ ಅನುಭವ.

ಪಶುವೈದ್ಯೆ

ಕುಡ್ಲದ ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾಯಿ ಅರ್ಥ ಕೇಳಲ್ಲ, ಸದ್ದು ಕೇಳುತ್ತೆ. ಎರಡು ಅಕ್ಷರ, ಹೆಚ್ಚೆಂದರೆ ಮೂರು. ಮನೆಯಲ್ಲಿ ದಿನಾ ಬಳಸೋ ಮಾತಿಗೆ ಹತ್ತಿರ ಇರಬಾರದು. ನನ್ನ ಹತ್ತಿರ ಬರೋ ಒಬ್ಬರ ನಾಯಿ ಹೆಸರು ಬಾಬು. ಯಾರಿಗೇ "ಬಾ" ಅಂದರೂ ಅದು ಎದ್ದು ಬರುತ್ತೆ. ಅವರು ಅದನ್ನ ಬುದ್ಧಿವಂತಿಕೆ ಅಂದುಕೊಂಡಿದ್ದಾರೆ, ನಾನೂ ಹಾಗೇ ಇರಲಿ ಅಂತ ಬಿಟ್ಟಿದ್ದೀನಿ.

ಇನ್ನೊಂದನ್ನ ಜನ ಗಮನಿಸೋದೇ ಇಲ್ಲ. ಹೆಸರು ಹಿಡಿದು ಕರೆಯೋದು ಯಾವಾಗ? ಸರಪಳಿ ಹಾಕೋಕೆ, ಸ್ನಾನ ಮಾಡಿಸೋಕೆ, ಇಂಜೆಕ್ಷನ್ನಿಗೆ ಹಿಡಿಯೋಕೆ, ಬೈಯೋಕೆ. ಊಟಕ್ಕೆ ಮಾತ್ರ ತಟ್ಟೆ ಸದ್ದು ಮಾಡಿದರೆ ಸಾಕು. ಹೀಗಾದಾಗ ಮೂರು ತಿಂಗಳಲ್ಲಿ ಹೆಸರು ಅಂದರೆ ಏನೋ ಕೆಟ್ಟದ್ದು ಕಾದಿದೆ ಅಂತ ಅದಕ್ಕೆ ಗೊತ್ತಾಗಿಬಿಡುತ್ತೆ. ಆಮೇಲೆ "ಡಾಕ್ಟ್ರೇ, ಹೆಸರೇ ಕಲಿತಿಲ್ಲ ಇದು" ಅಂತ ಬರ್ತಾರೆ. ಕಲಿತಿದೆ, ಅದಕ್ಕೇ ಬರಲ್ಲ! ಮೊದಲ ಹದಿನೈದು ದಿನ ಹೆಸರು ಕೂಗಿದಾಗಲೆಲ್ಲ ಬಾಯಿಗೊಂದು ತುಂಡು ಸಿಗಲಿ. ಉಳಿದ ಮೂರು ನಾಯಿ ಎದುರಿಗಿದ್ದಾಗ ಬೇಡ, ಒಂಟಿಯಾಗಿ.

ತೋಟದ ಮನೆಯವರೇ, ಹೆಸರು ಏನಾದರೂ ಇಡಿ, ಮರಿಯನ್ನ ಈ ವಾರವೇ ಕರೆತನ್ನಿ. ಪಾರ್ವೋ, ಡಿಸ್ಟೆಂಪರ್ ಸೇರಿರೋ ಲಸಿಕೆಯನ್ನ ಆರರಿಂದ ಎಂಟು ವಾರಕ್ಕೇ ಶುರು ಮಾಡಬೇಕು, ನಾಲ್ಕು ತಿಂಗಳು ತುಂಬೋವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ರೇಬೀಸಿನದ್ದು ಮೂರು ತಿಂಗಳಿಗೆ. ಕಾರ್ಡಿನಲ್ಲಿ ಹೆಸರಿನ ಜಾಗ ಖಾಲಿ ಬಿಡಬೇಡಿ. ಒಂದೇ ಮನೆಯ ನಾಲ್ಕು ಕಾರ್ಡು ಎದುರಿಗಿಟ್ಟು "ಇದರಲ್ಲಿ ಯಾವುದು ಯಾವುದರದ್ದು" ಅಂತ ನನ್ನನ್ನೇ ಕೇಳೋರಿದ್ದಾರೆ.

ನಿಮ್ಮದು ಉಣುಗಿನಿಂದ ಹರಡೋ ಮಂಗನ ಕಾಯಿಲೆಯ ಸೀಮೆ ಬೇರೆ. ಕಾಡಿಗೆ ಹೋಗಿಬಂದ ನಾಯಿಯ ಮೈಯಿಂದ ಉಣುಗು ಕಿತ್ತು ಉಗುರಲ್ಲಿ ಹಿಸುಕೋ ಅಭ್ಯಾಸ ಇದ್ದರೆ ಬಿಡಿ. ದನಕ್ಕೆ ಹಚ್ಚೋ ಉಣುಗಿನ ಔಷಧಿಯನ್ನ ಕಣ್ಣಳತೆಯಲ್ಲಿ ನೀರಿಗೆ ಹಾಕಿ ಮರಿಗೆ ಬಳೀಬೇಡಿ. ವರ್ಷಕ್ಕೆರಡು ಮರಿ ಹಾಗೇ ಹೋಗೋದನ್ನ ನೋಡ್ತೀನಿ.

ಮುಧೋಳ ಮಂದಿ

ನಮ್ಮ ಮನ್ಯಾಗ ನಾಕ ಅದಾವ್ರಿ, ನಾಕೂ ಮುಧೋಳ ನಾಯೀನ. 2005ರಾಗ ಅಂಚೆ ಇಲಾಖೆಯವ್ರು ದೇಶೀ ನಾಯಿ ಸ್ಟ್ಯಾಂಪ್ ತಗದಾಗ ಅದರಾಗ ನಮ್ಮದೂ ಇತ್ರಿ. ತಿಮ್ಮಾಪುರದಾಗ ಇದಕ್ಕಂತನ ಸಂಶೋಧನಾ ಕೇಂದ್ರ ಐತಿ.

ಹೆಸರಿನ ಮಾತ ಅಂದ್ರ, ನಮ್ಮ ಕಡೆ ನೀವ್ ಏನರ ಇಡ್ರಿ, ಕಡೀಕ ಮಂದಿ "ಯಾ" ಹಚ್ಚಿ ತಮ್ಮ ಬಾಯಿಗೆ ಹೊಂದಿಸ್ಕೊಂತಾರ. ಮೋತಿ ಮೋತ್ಯಾ ಆಕ್ಕಾನ, ರಾಜಾ ರಾಜ್ಯಾ ಆಕ್ಕಾನ. ಹುಬ್ಬಳ್ಳಿಯಿಂದ ಬಂದ ನಮ್ಮ ಅಳಿಯ ಒಂದಕ್ಕ ಟೈಗರ್ ಅಂತ ಇಟ್ಟ ಹೋದ, ಮರುದಿನಾ ಅದು ಟೈಗ್ರ್ಯಾ. ಅದರಾಗ ಒಂದ್ ಯುಕ್ತಿ ಐತ್ರಿ. ಹೊಲದಾಗ ಕೂಗೂಮುಂದ ಕಡೇ ಅಕ್ಷರ ಎಳ್ಯಾಕ ಬರಬೇಕು. "ಮೋತ್ಯಾ..." ಅಂದ್ರ ಗಾಳಿ ಹೊತ್ಕೊಂಡ ಹೋಗತೈತಿ. "ಪ್ರಿನ್ಸ್" ಅಂತ ಕೂಗ್ರಿ ನೋಡೂಣು, ಹಲ್ಲಿನಾಗ ಸಿಕ್ಕೊಂಡ ಅಲ್ಲೇ ಸಾಯತೈತಿ.

ಹಂಗಂತ ಬೇಟೆನಾಯಿ ಸಾಕಿದಾವ್ರು ಬಾಳ ಆಸೆ ಇಟ್ಕೋಬ್ಯಾಡ್ರಿ. ಇದು ಮೂಗಿಗಿಂತ ಕಣ್ಣ ನಂಬಿ ಓಡೂ ನಾಯಿ. ಮೊಲ ಕಂಡ್ರ ಹೆಸರೂ ಇಲ್ಲ, ಮಾಲಕನೂ ಇಲ್ಲ. ಅದು ತಿರುಗಿ ಬಂದಮ್ಯಾಲ ಕರದಂಗ ಮಾಡ್ಬೇಕು, ನಮ್ಮ ಮರ್ಯಾದಿ ಉಳೀತೈತಿ.

ಸುಮ್ನೆ ಓದ್ತೀನಿ

ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ ಅಂತಾರೆ. ಇಲ್ಲಿ ನಾಯಿ ಸಾಕಿದವರದ್ದೂ ಅದೇ ಕಥೆ. ನಾಲ್ಕು ನಾಯಿಗೆ ಊಟಕ್ಕೆ ಎಷ್ಟು ಖರ್ಚಾಗುತ್ತೆ ಹೇಳಿ ಮೊದಲು.

ತೋಟದ ಮನೆ

ತಿಂಗಳಿಗೆ 25 ಕೆಜಿಯ ಒಂದು ಚೀಲ ಅಕ್ಕಿನುಚ್ಚು ಸಾಲಲ್ಲ. ಅದಕ್ಕೆ ಒಣಮೀನು, ವಾರಕ್ಕೆರಡು ಸಲ ಮೊಟ್ಟೆ. ಭಟ್ರಿಗೆ ಮೊಸರು ಬೇರೆ.

ಮುಧೋಳದವರು ಹೇಳಿದ್ದನ್ನ ಓದಿ ಅಂಗಳಕ್ಕೆ ಹೋಗಿ ಎರಡೂ ಕೂಗಿ ನೋಡಿದೆ. "ಕರಿಯಾ" ಹಳ್ಳ ಮುಟ್ಟುತ್ತೆ. "ಜಿಮಿನ್" ಮೊದಲನೇ ಅಡಿಕೆ ಸಾಲು ದಾಟಲ್ಲ. ಮಗಳು ನೋಡ್ತಾ ನಿಂತಿದ್ದಳು, ನಾನು ಬೇಕಂತಲೇ ಮೆಲ್ಲಗೆ ಕೂಗಿದೆ ಅಂತಾಳೆ. ಸ್ವಲ್ಪ ನಿಜ.

ಮುದ್ದೆಯ ಅಮ್ಮ

ನಾನು ಜರ್ಮನಿಯಿಂದ ಬರೀತಿದ್ದೀನಿ, ನಮ್ಮದೂ ಎರಡಿವೆ. ಊರಿನ ನೆನಪಿಗೆ ಅಂತ ಒಂದಕ್ಕೆ ಬೆಣ್ಣೆ, ಇನ್ನೊಂದಕ್ಕೆ ಮುದ್ದೆ ಅಂತ ಇಟ್ಟೆವು. ಬೆಣ್ಣೆ ಇಲ್ಲಿಯವರ ಬಾಯಲ್ಲಿ ಬೆನ್ನಿ ಆದ, ತೊಂದರೆ ಇಲ್ಲ. ಮುದ್ದೆಯದ್ದೇ ಕಷ್ಟ. ಇಲ್ಲಿಯ ಭಾಷೆಯಲ್ಲಿ ಹೆಚ್ಚುಕಮ್ಮಿ ಹಾಗೇ ಕೇಳೋ "ಮ್ಯೂಡೆ" ಅಂದರೆ ಸುಸ್ತು. ಪಾರ್ಕಿನಲ್ಲಿ ನಾನು "ಮುದ್ದೆ, ಮುದ್ದೆ" ಅಂತ ಓಡ್ತಿದ್ದರೆ ಪಾಪ ಈ ಹೆಂಗಸಿಗೆ ಸುಸ್ತಾಗಿದೆ ಅಂತ ಒಬ್ಬ ಅಜ್ಜಿ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದರು.

ಇಲ್ಲಿ ತಳಿ ನಾಯಿ ಸಾಕೋರಲ್ಲಿ ಒಂದು ಕ್ರಮ ಇದೆ. ಅವರ ಮನೆಯ ಮೊದಲ ಸೂಲಿನ ಮರಿಗಳಿಗೆಲ್ಲ ಎ ಅಕ್ಷರದಿಂದ ಹೆಸರು, ಎರಡನೇ ಸೂಲಿಗೆ ಬಿ, ಹೀಗೆ. ಕಾಗದದಲ್ಲಿ ಅದು, ಮನೆಯಲ್ಲಿ ಕರೆಯೋದು ಬೇರೆ. ನಮ್ಮಲ್ಲಿ ತೊಟ್ಟಿಲ ಹೆಸರು, ಕರೆಯೋ ಹೆಸರು ಅಂತ ಎರಡು ಇರಲ್ವಾ, ಹಾಗೇ. ಮತ್ತೆ ನಾಯಿಗೆ ಊರಾಡಳಿತಕ್ಕೆ ತೆರಿಗೆ ಕಟ್ಟಬೇಕು. ಎಷ್ಟೋ ಊರುಗಳಲ್ಲಿ ಎರಡನೇ ನಾಯಿಗೆ ಮೊದಲನೆಯದಕ್ಕಿಂತ ಜಾಸ್ತಿ. ನಿಮ್ಮ ನಾಲ್ಕನ್ನ ಇಲ್ಲಿ ಸಾಕಿದ್ದರೆ ತೋಟದ ಒಂದು ಮೂಲೆ ಮಾರಬೇಕಿತ್ತು.

ಹೋದ ನಾಯಿಯ ಹೆಸರು ಮತ್ತೆ ಇಡೋದು ನನ್ನಿಂದಾಗಲ್ಲ. ಕರೆದಾಗಲೆಲ್ಲ ಬೇರೆ ಮುಖ ಬಂದರೆ ಹೇಗೆ?

ಹಾಸನ್ ಬಸ್

ಎಲ್ಲರೂ ನಗ್ತಾ ಬರೀತಿದ್ದೀರಿ, ನಡುವೆ ಕಲ್ಲು ಹಾಕ್ತೀನಿ ಅನ್ಕೋಬೇಡಿ.

ನಮ್ಮ ತಾತನ ಹೆಸರು ಕರಿಯ. ರೇಷನ್ ಕಾರ್ಡಲ್ಲೂ ಅಷ್ಟೇ, ಮುಂದೆ ಹಿಂದೆ ಏನಿಲ್ಲ. ಅವರು ಕೆಲಸಕ್ಕೆ ಹೋಗ್ತಿದ್ದ ಮನೆಯಲ್ಲಿ ನಾಯಿಗೂ ಅದೇ ಹೆಸರು. ಗೌಡ್ರು ಜಗಲಿಯಿಂದ ಕೂಗಿದರೆ ಇಬ್ಬರೂ ತಿರುಗಿ ನೋಡೋರಂತೆ. ತಾತ ಇದನ್ನ ತಮಾಷೆಯಾಗೇ ಹೇಳ್ತಿದ್ದರು, ನಾವೂ ನಗ್ತಿದ್ದೆವು. ಅವರು ಹೋದ ಮೇಲೆ ಅದು ಅಷ್ಟೇನು ನಗು ಬರಿಸಲ್ಲ. ಕರಿಯ, ಕೆಂಪ, ಕಾಳ, ಇವೆಲ್ಲ ಮೈಬಣ್ಣದ ಹೆಸರು ನಿಜ. ಆದರೆ ಊರಲ್ಲಿ ಯಾವ ಮನುಷ್ಯರಿಗೆ ಆ ಹೆಸರು ಇರ್ತಿತ್ತು, ಯಾವ ಮನೆಯ ನಾಯಿಗೆ ಇರ್ತಿತ್ತು ಅಂತ ಒಂದು ಸಲ ಲೆಕ್ಕ ಹಾಕಿ. ನಿಮ್ಮ ಅಪ್ಪಯ್ಯ ಹಾಗೆ ಅಂದುಕೊಂಡು ಇಟ್ಟರು ಅಂತ ನಾನು ಹೇಳ್ತಿಲ್ಲ.

ಮದ್ದೂರ್ ವಡೆ

ಹಾಸನದ ತಮ್ಮ, ಒಪ್ಕೊಂಡೆ. ಕಾಳಿಗೆ ಕಲ್ಲು ಹಾಕ್ಸಿದ್ ಊರಲ್ಲೇ ಹುಟ್ಟಿದ್ರೂ ಈ ಕಡೆಯಿಂದ ನೋಡಿರ್ನಿಲ್ಲ. ನಮ್ಮ ಬೀದೀಲೂ ಒಬ್ಬ ಕೆಂಪ ಇದ್ದ, ಒಂದು ಕೆಂಪನೂ ಇತ್ತು.

ಕುಡ್ಲದ ಅಕ್ಕ

ನಾನು ರಾಜುವಿನ ಅಮ್ಮನ ಕಥೆ ನಗ್ತಾ ಹೇಳಿದೆ. ಅವರು ಮನೆಗೆ ಬಂದು ಜಗಳ ಮಾಡಿದ್ರು, ನಾನು ಹೋಗಿ ಮಾತಾಡಿಸಿದೆ, ಸರಿಯಾಯ್ತು. ನಿಮ್ಮ ತಾತನಿಗೆ ಹಾಗೆ ಜಗಳ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ ಅಲ್ವಾ.

ತೋಟದ ಮನೆ

ಎರಡು ದಿನ ಬರೆಯೋಕಾಗಲಿಲ್ಲ. ಹಾಸನದವರು ಬರೆದದ್ದನ್ನ ಅಪ್ಪಯ್ಯನಿಗೆ ಓದಿ ಹೇಳಿದೆ, ಹೇಳಬೇಕೋ ಬೇಡವೋ ಅಂತ ಅರ್ಧ ದಿನ ಯೋಚಿಸಿ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಕೈ ನಿಲ್ಲಿಸಲಿಲ್ಲ. ಏಳೆಂಟು ಅಡಿಕೆ ಸುಲಿದ ಮೇಲೆ, "ನಮ್ಮಲ್ಲೂ ಅಡಿಕೆ ಕೊನೆ ತೆಗೆಯೋಕೆ ಒಬ್ಬ ಕರಿಯ ಬರ್ತಿದ್ದ. ಮರ ಹತ್ತೋದರಲ್ಲಿ ಅವನಂಥವನು ಈ ಸುತ್ತಿನಲ್ಲಿ ಇರಲಿಲ್ಲ" ಅಂದರು. ಆಗ ನಾಯಿಯನ್ನ ಏನಂತ ಕರೀತಿದ್ರಿ ಅಂತ ಕೇಳಿದೆ. ನೆನಪಿಲ್ಲ ಅಂದರು. ಅಪ್ಪಯ್ಯನಿಗೆ 1974ರ ಅಡಿಕೆ ರೇಟು ನೆನಪಿದೆ.

ಆ ಸಂಜೆ ಮತ್ತೆ ಹೆಸರಿನ ಮಾತು ಎತ್ತಲಿಲ್ಲ ಅವರು.

ನಿನ್ನೆ ಬೆಳಿಗ್ಗೆ ಮರಿ ಕಾಣೆ. ಕುರ್ಕ ಅಂಗಳದವರೆಗೂ ಬರೋ ಕಾಲ ಇದು, ಎಲ್ಲರ ಎದೆ ಧಸಕ್ ಅಂತು. ತೋಟ, ಕೊಟ್ಟಿಗೆ, ಸೌದೆ ಕೊಟ್ಟಿಗೆ ಎಲ್ಲ ಹುಡುಕಿದ್ದಾಯ್ತು. ಕರೆಯೋಣ ಅಂದರೆ ಹೆಸರಿಲ್ಲ! ಅಮ್ಮ "ಕುನ್ನಿ ಕುನ್ನಿ" ಅಂದರೆ ಉಳಿದ ಮೂರೂ ಬಂದು ಕಾಲಿಗೆ ತೊಡರಿಕೊಳ್ತಿವೆ. ಮಗಳು ಜಿಮಿನ್, ನಾನು "ತೂ ತೂ", ಅಪ್ಪಯ್ಯ ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಕಡೆಗೆ ಮಿಂಚು ಬಚ್ಚಲ ಒಲೆಯ ಮುಂದೆ ನಿಂತು ಗುರ್ ಅಂತಿದ್ದಾಳೆ. ಅವಳ ಜಾಗ ಅದು. ಒಲೆಯೊಳಗೆ, ಆರಿದ ಬೂದಿಯ ಮೇಲೆ, ಮರಿ ಸುರುಳಿ ಸುತ್ತಿ ಮಲಗಿದೆ. ಎಳೆದು ತೆಗೆದರೆ ಮೂಗಿನಿಂದ ಬಾಲದವರೆಗೆ ಮಸಿ. ಕಣ್ಣೆರಡು ಮಾತ್ರ ಕೆಂಪಗೆ. ಸೀನಿತು, ಮಗಳ ಸ್ಕೂಲ್ ಯೂನಿಫಾರ್ಮ್ ತುಂಬ ಬೂದಿ.

ಅವಳೇ ಅಂದಳು, "ಮಸಿ" ಅಂತ ಇಡೋಣ ಅಂತ. ನಾನು ಅಪ್ಪಯ್ಯನ ಮುಖ ನೋಡಿದೆ. ಬರೀ ಎರಡಕ್ಷರ, ದೂರಕ್ಕೆ ಹೋಗುತ್ತಾ ಅಂದರು. ಸಂಜೆ ಅಂಗಳದ ತುದಿಗೆ ಹೋಗಿ ನಿಂತು "ಮಸಿಯಾ..." ಅಂತ ಎಳೆದರು. ಅದೇ ಏರು, ಅದೇ ಇಳಿವು. ಅಡುಗೆಮನೆಯಲ್ಲಿದ್ದ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಮರಿ ಬರಲಿಲ್ಲ, ಅದು ಅವರ ಕಾಲ ಬುಡದಲ್ಲೇ ಇತ್ತು, ಚಪ್ಪಲಿ ಬಾರು ಕಡೀತಿತ್ತು.

ಹಾಸನ್ ಬಸ್

ಮಸಿ ಚೆನ್ನಾಗಿದೆ. ಕೊನೆ ತೆಗೆಯೋಕೆ ಬರ್ತಿದ್ದವರ ಮನೆಯವರು ಈಗ ಎಲ್ಲಿದ್ದಾರೆ?

ತೋಟದ ಮನೆ

ಮಗ ಶಿವಮೊಗ್ಗದಲ್ಲಿ ಕೆಎಸ್ಆರ್‌ಟಿಸಿ ಕಂಡಕ್ಟರ್ ಅಂತೆ. ಅಪ್ಪಯ್ಯನ ಹತ್ತಿರ ಫೋನ್ ನಂಬರ್ ಇಲ್ಲ, ಹುಡುಕ್ತಿದ್ದಾರೆ.

ಪಶುವೈದ್ಯೆಯವರೇ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತಿದ್ದೀವಿ, ಕಾರ್ಡಿಗೆ ಹೆಸರು ಸಿಕ್ಕಿತು. ಈಗ ಬೇರೆ ತಲೆನೋವು. ಲಾರಿ ಅದನ್ನ ತಟ್ಟೆ ಹತ್ತಿರ ಸೇರಿಸ್ತಿಲ್ಲ. ಕಚ್ಚಲ್ಲ, ಸುಮ್ಮನೆ ಅಡ್ಡ ನಿಲ್ತಾನೆ.

ಪಶುವೈದ್ಯೆ

ಒಳ್ಳೆಯದು, ಕಚ್ಚದೆ ಅಡ್ಡ ನಿಲ್ಲೋದು ಅವನ ಮಟ್ಟಿಗೆ ಮರ್ಯಾದೆಯ ಮಾತೇ. ಮರಿಯನ್ನ ಎತ್ತಿಕೊಂಡು ಹೋಗಿ ಅವನ ಮುಂದೆ ಇಟ್ಟು ಮುದ್ದು ಮಾಡಬೇಡಿ. ತಟ್ಟೆ ನಾಲ್ಕು ಬೇರೆ ಬೇರೆ, ನಾಲ್ಕು ಮೂಲೆಗೆ. ಲಾರಿಗೆ ಮೊದಲು, ಮರಿಗೆ ಕಡೆಗೆ, ಅದೂ ಬಾಗಿಲ ಆಚೆ. ಹತ್ತು ನಿಮಿಷ ಆದ ಮೇಲೆ ತಿಂದಿರಲಿ ಬಿಟ್ಟಿರಲಿ ತಟ್ಟೆ ಎತ್ತಿಬಿಡಿ, ನೆಲದ ಮೇಲೆ ಉಳಿದದ್ದಕ್ಕೇ ಜಗಳ ಬರೋದು. ಇಬ್ಬರನ್ನೂ ಒಟ್ಟಿಗೆ ಗೇಟಿನಾಚೆ ನಡೆಸಿಕೊಂಡು ಹೋಗಿ, ಮನೆಯ ಒಳಗಿನ ಹಕ್ಕು ಅಲ್ಲಿರಲ್ಲ. ಮೂರು ವಾರ ಕೊಡಿ. ಕೋಳಿಯ ಬೆಂದ ಮೂಳೆ ಮಾತ್ರ ಯಾರಿಗೂ ಬೇಡ.

ಮುಧೋಳ ಮಂದಿ

ನಮ್ಮ ಕಡೆ ತಂದಿದ್ರ ಅದು ಇಷ್ಟೊತ್ತಿಗೆ ಮಸ್ಯಾ ಆಗಿರತಿತ್ರಿ.

ಮದ್ದೂರ್ ವಡೆ

ಎಲ್ಲಾ ಸರಿ, ಫೋಟೋ ಎಲ್ಲಣ್ಣ?

ತೋಟದ ಮನೆ

ಹನ್ನೊಂದು ತೆಗೆದೆ. ಒಂಬತ್ತರಲ್ಲಿ ಬಾಲ, ಒಂದರಲ್ಲಿ ಭಟ್ರು ಅಡ್ಡ ಬಂದಿದ್ದಾರೆ. ಉಳಿದದ್ದೊಂದು ಹಾಕ್ತೀನಿ, ಆದರೆ ನಿನ್ನೆ ಸಂಜೆ ಸ್ನಾನ ಆಗಿದೆ, ಮತ್ತೆ ಕೆಂಪಗೆ ಕಾಣುತ್ತೆ.